ನಿನ್ನ ಮೀನು, ನನ್ನ ಮೀನು

"ಅಯ್ಯೋ! ಬಾರೇ ಇಲ್ಲಿ... ಅಡುಗೆಮನೆ ಕಪಾಟಲ್ಲಿ ಮೀನು!"

ಅತ್ತೆಯ ಕೂಗು ಕೇಳಿದಾಗ ಅವಳು ಹಾಸಿಗೆಯ ಅಂಚಿನಲ್ಲಿ ಗಂಡನ ಒಂಟಿ ಕಾಲುಚೀಲ ಹಿಡಿದು ಕುಳಿತಿದ್ದಳು. ಎಷ್ಟು ಹೊತ್ತಿನಿಂದಲೋ ಅವಳಿಗೇ ಗೊತ್ತಿರಲಿಲ್ಲ.

ಅಂತ್ಯಕ್ರಿಯೆ ಮುಗಿದು, ನೆಂಟರಲ್ಲಿ ಕೊನೆಯವರೂ ನಿನ್ನೆ ಸಂಜೆ ಹೊರಟುಹೋಗಿದ್ದರು. ಇಂದಿನದು ಬರಿಯ ಬೆಳಗು. ಹಾಲಿನವನು ಬಂದ, ಹೋದ. ಪಕ್ಕದ ಮನೆಯವರ ರೇಡಿಯೋ ಮತ್ತೆ ಮೊದಲಿನಷ್ಟೇ ಜೋರಾಗಿತ್ತು.

ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಎಲ್ಲರೂ ಅತ್ತರು. ಅವಳು ಮಾತ್ರ ಬಂದವರಿಗೆಲ್ಲ ಕುರ್ಚಿ ಹಾಕಿದಳು.

"ಸಕ್ಕರೆ ಡಬ್ಬಿ ಅಂತ ಕೈ ಹಾಕಿದ್ರೆ ಇದು ನನ್ನನ್ನೇ ನೋಡ್ತಾ ಕೂತಿದೆ!" ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. "ಮನೆಯೊಳಗೆ ತರಬೇಡ ಅಂತ ಬಡ್ಕೊಂಡಿದ್ದೆ ನಾನು. ಹೋಗುವಾಗಲೂ ನನ್ನ ಮಾತು ಕೇಳಲಿಲ್ಲ ನೋಡು ಅವನು."

ಕೊನೆಯ ಮಾತಿಗೆ ಅತ್ತೆಯ ದನಿ ಒಡೆಯಿತು.

ಅವಳು ಜಾಡಿಯನ್ನು ಬೆಳಕಿಗೆ ಹಿಡಿದಳು. ಸ್ಪಿರಿಟ್‌ನಲ್ಲಿ ತಲೆಕೆಳಗಾಗಿ ನಿಂತಿದ್ದ, ಅಂಗೈಯಷ್ಟುದ್ದದ ಕಂದು ಮೀನು. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಜಾಡಿಯ ಕೊರಳಿಗೆ ಕೆಂಪು ದಾರ. ಹೊಸ ಜಾತಿಯೊಂದಕ್ಕೆ ಹೆಸರಿಡುವಾಗ ಯಾವ ಒಂದೇ ಒಂದು ಮೀನನ್ನು ಎದುರಿಗಿಟ್ಟುಕೊಂಡಿರುತ್ತಾರೋ, ಅದರ ಜಾಡಿಗೆ ಮಾತ್ರ ಮ್ಯೂಸಿಯಂನವರು ಈ ದಾರ ಕಟ್ಟುತ್ತಾರೆ. ಅಂಥ ಮೀನು ಜಗತ್ತಿನಲ್ಲಿ ಇನ್ನೊಂದಿರುವುದಿಲ್ಲ.

ದಾರಕ್ಕೆ ಕಟ್ಟಿದ್ದ ಚೀಟಿಯನ್ನು ತಿರುಗಿಸಿ ಓದಿದಳು.

ಇದು... ನನ್ನ ಮೀನು!

ಅವಳಿಗೆ ಗೊತ್ತಿಲ್ಲದಂತೆ ಅವನು ಇದನ್ನು ಮ್ಯೂಸಿಯಂನಿಂದ ಎರವಲು ತಂದಿದ್ದ. ತಂದು, ಅತ್ತೆಯ ಡಬ್ಬಿಗಳ ಹಿಂದೆ, ಅವಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿದ್ದ.

ಯಾಕೆ?

ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು.

*

ಅವರಿಬ್ಬರನ್ನೂ ಸೇರಿಸಿದ್ದು ಮೀನು. ಬೇರೆ ಮಾಡಿದ್ದೂ ಅದೇ.

ಇಬ್ಬರೂ ಸಂಶೋಧನೆ ಮಾಡುತ್ತಿದ್ದ ಕಾಲ. ಬೇರೆ ಬೇರೆ ವಿಶ್ವವಿದ್ಯಾಲಯ, ಮುಖಪರಿಚಯವೂ ಇಲ್ಲ. ಒಂದೇ ಜರ್ನಲ್‌ನ ಒಂದೇ ಸಂಚಿಕೆಯಲ್ಲಿ ಇಬ್ಬರೂ ಒಂದೊಂದು ಹೊಸ ಮೀನಿಗೆ ಹೆಸರಿಟ್ಟಿದ್ದರು. ಅವನ ಮೀನು ದೊಡ್ಡದು, ಉಬ್ಬಿದ ಹಣೆ, ಕೆನ್ನೆಯ ಮೇಲೆ ಗೆರೆಗಳು. ಅವಳದು ಚಿಕ್ಕದು, ಮಂಕು ಬಣ್ಣದ್ದು.

ಅವನು ತನ್ನ ಮೀನಿಗೆ ಅಮ್ಮನ ಹೆಸರಿಟ್ಟ. ಅವಳು ತೀರಿಹೋದ ಅಪ್ಪನ ಹೆಸರಿಟ್ಟಳು. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೈಬೆರಳು ಮರಗಟ್ಟುವವರೆಗೆ ದುಡಿದು ಅವಳನ್ನು ಓದಿಸಿದ ಅಪ್ಪ. ಆ ಹೆಸರು ಇನ್ನೆಲ್ಲೂ, ಯಾವ ಕಲ್ಲಿನ ಮೇಲೂ ಇರಲಿಲ್ಲ.

ಒಂದು ವಿಚಾರಸಂಕಿರಣದಲ್ಲಿ ಅವನು ನೇರವಾಗಿ ಅವಳ ಬಳಿ ಬಂದು ನಿಂತಿದ್ದ.

"ನಿಮ್ಮ ಮೀನಿನ ಬೆನ್ನುರೆಕ್ಕೆಯ ಮುಳ್ಳು ಎಣಿಸಿದ್ದು ತಪ್ಪು ಅನ್ಸುತ್ತೆ."

"ನಮಸ್ಕಾರ ಅನ್ನೋ ಅಭ್ಯಾಸ ಇಲ್ವಾ ನಿಮಗೆ?"

"ನಮಸ್ಕಾರ. ತಪ್ಪು ಅನ್ಸುತ್ತೆ."

ಇಬ್ಬರೂ ಕೂತು ಅವಳ ಲೇಖನದ ಚಿತ್ರದಲ್ಲಿ ಮತ್ತೆ ಎಣಿಸಿದರು. ಅವಳ ಎಣಿಕೆಯೇ ಸರಿಯಾಗಿತ್ತು. ಆದರೆ ಎಣಿಸುತ್ತಾ ಎಣಿಸುತ್ತಾ ಊಟದ ಹೊತ್ತು ಮೀರಿತ್ತು...

ಮದುವೆಯಾದ ಮೇಲೆ ಅವನು ಅವಳನ್ನು 'ಅವಸರದಮ್ಮ' ಎಂದ. ಅವಳು ಅವನನ್ನು 'ನಿಧಾನಪ್ಪ' ಎಂದಳು. ಮೀನಿನ ಮೈಮೇಲಿನ ಒಂದು ಹುರುಪೆ ನೋಡಲು ಅರ್ಧ ದಿನ ಬೇಕಾಗುವವನಿಗೆ ಇನ್ನೇನೆನ್ನಬೇಕು?

ಅಂಥವನು ಒಂದು ಸಂಜೆ ಊಟದ ತಟ್ಟೆಯ ಮುಂದೆ ಮೆಲ್ಲಗೆ ಅಂದ.

"ಅವಸರದಮ್ಮ, ಒಂದು ಮಾತು. ನಿನ್ನ ಮೀನು, ನನ್ನ ಮೀನು... ಬೇರೆ ಬೇರೆ ಅಲ್ಲ ಅನ್ಸುತ್ತೆ. ನಿನ್ನದು ನನ್ನದರ ಹೆಣ್ಣು ಇರಬಹುದು."

ಅವಳ ಕೈಯ ತುತ್ತು ತಟ್ಟೆಗೆ ಬಿತ್ತು.

ಮೀನಿಗೆ ಹೆಸರಿಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಂಡನ್ನು ಒಂದು ಜಾತಿಯೆಂದೂ ಹೆಣ್ಣನ್ನು ಇನ್ನೊಂದೆಂದೂ ಎಣಿಸುವ ತಪ್ಪು ಈ ಕೆಲಸದಲ್ಲಿ ಹಳೆಯದು. ತಪ್ಪು ಗೊತ್ತಾದ ಮೇಲೆ ಒಂದು ಹೆಸರು ಉಳಿಯುತ್ತದೆ, ಇನ್ನೊಂದು ಅಳಿಯುತ್ತದೆ. ಮೊದಲು ಅಚ್ಚಾದ ಹೆಸರು ಉಳಿಯಬೇಕೆಂಬುದು ನಿಯಮ. ಎರಡೂ ಒಟ್ಟಿಗೇ ಅಚ್ಚಾಗಿದ್ದರೆ? ಆಗ ಆ ತಪ್ಪನ್ನು ಮೊದಲು ಬರೆದು ಪ್ರಕಟಿಸುವವರು ಯಾವ ಹೆಸರನ್ನು ಆರಿಸುತ್ತಾರೋ ಅದೇ ಶಾಶ್ವತ.

ಅಂದರೆ, ಆರಿಸುವವನು ಅವನು.

"ನನ್ನ ಅಪ್ಪನ ಹೆಸರು ಅಳಿಸ್ತೀಯಾ?"

"ನಾನು ಹಾಗೆ ಹೇಳಿದ್ನಾ? ಪೂರ್ತಿ ಕೇಳು ಮೊದಲು..."

"ಕೇಳೋದೇನಿದೆ! ಮನೆಯೊಳಗೇ ಕೂತು ನನ್ನ ಬುಡಕ್ಕೆ ಕೊಡಲಿ ಇಟ್ಟೆಯಲ್ಲ!"

ಅವಳು ಎದ್ದುಹೋದಳು. ಆಮೇಲೆ ಮನೆಯಲ್ಲಿ ಉಳಿದದ್ದು ಬಾಗಿಲು ಹಾಕು, ದೀಪ ಆರಿಸು ಎಂಬಷ್ಟು ಮಾತು ಮಾತ್ರ.

ಕೊನೆಯ ದಿನ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುತ್ತಾ ಹೇಳಿದ್ದ. "ಸಂಜೆ ನನ್ನ ಲ್ಯಾಬ್‌ಗೆ ಬಾ. ಒಂದು ತೋರಿಸ್ಬೇಕು."

"ನನಗೆ ಕೆಲಸ ಇದೆ."

ಕೆಲಸವೇನೂ ಇರಲಿಲ್ಲ. ಲೈಬ್ರರಿಯಲ್ಲಿ ಯಾವುದೋ ಪುಸ್ತಕ ಬಿಚ್ಚಿಟ್ಟುಕೊಂಡು, ಒಂದಕ್ಷರವನ್ನೂ ಓದದೆ ಕುಳಿತಿದ್ದಳು. ಅವನು ಕಾದು, ತಲೆನೋವೆಂದು ಮನೆಗೆ ಹೋದ. ಅವಳು ಮನೆ ಸೇರುವಷ್ಟರಲ್ಲಿ ಅವನು ಆಸ್ಪತ್ರೆಯಲ್ಲಿದ್ದ. ಮೆದುಳಿನ ರಕ್ತನಾಳ ಒಡೆದಿತ್ತು. "ನೀವು ಜೊತೆಗಿದ್ದರೂ ಏನೂ ಮಾಡೋಕಾಗ್ತಿರಲಿಲ್ಲ" ಎಂದರು ಡಾಕ್ಟರು.

ಜೊತೆಗಿರಬಹುದಿತ್ತಲ್ಲ!

*

ಮಧ್ಯಾಹ್ನ ಮ್ಯೂಸಿಯಂನಿಂದ ಫೋನ್ ಬಂತು. ಮೀನುಗಳ ವಿಭಾಗ ನೋಡಿಕೊಳ್ಳುವ ಹಿರಿಯ ಮೇಡಂ.

"ಕೇಳೋಕೆ ನಾಲಿಗೆ ಏಳ್ತಿಲ್ಲಮ್ಮ... ಆದ್ರೆ ಅದು ಕೆಂಪು ದಾರದ ಜಾಡಿ. ಎರವಲಿನ ಅವಧಿ ಮುಗೀತು."

"ಇಲ್ಲೇ ಇದೆ ಮೇಡಂ. ತಂದುಕೊಡ್ತೀನಿ." ಅವಳು ತಡೆದು ಕೇಳಿದಳು. "ತಗೊಂಡು ಹೋಗುವಾಗ ಏನಾದ್ರೂ ಹೇಳಿದ್ರಾ?"

"'ಎರಡರಲ್ಲಿ ಒಂದು ಹೋಗುತ್ತೆ ಮೇಡಂ' ಅಂದ್ರು. ಯಾವುದಪ್ಪಾ ಅಂತ ಕೇಳಿದೆ. ಹೇಳಲಿಲ್ಲ. ನಗ್ತಾ ಹೋದ್ರು."

ನಗುತ್ತಿದ್ದ!

ಅವಳು ಫೋನ್ ಇಟ್ಟಳು. ಸತ್ತವನ ಮೇಲೆ ಸಿಟ್ಟು ಮಾಡುವುದು ಗೋಡೆಗೆ ತಲೆ ಚಚ್ಚಿಕೊಂಡಂತೆ. ಆದರೂ ಸಿಟ್ಟು ಬಂತು. ಇಷ್ಟು ದಿನ ಏನೂ ಅನಿಸದೆ ಇದ್ದ ಎದೆಗೆ ಆ ಸಿಟ್ಟೂ ಒಂದು ಬಿಸಿಯಂತಿತ್ತು.

ಅವನು ತೋರಿಸಬೇಕೆಂದದ್ದೇನು? ಅದನ್ನು ನೋಡದೆ ಜಾಡಿ ಹಿಂದಿರುಗಿಸಲಾರೆ.

*

ಅವನ ಲ್ಯಾಬ್‌ನಲ್ಲಿ ಯಾರೂ ಏನನ್ನೂ ಮುಟ್ಟಿರಲಿಲ್ಲ. ಅವಳು ಫ್ರೀಜರ್ ತೆರೆದಳು. ಅವನ ಖಾನೆಯಲ್ಲಿದ್ದದ್ದು ಬಟ್ಟೆ ಸುತ್ತಿದ ಒಂದೇ ಒಂದು ಮೀನು.

ತಟ್ಟೆಯಲ್ಲಿಟ್ಟು, ಮಂಜು ಕರಗುವವರೆಗೆ ಕಾದಳು.

ಮೊದಲು ಬಾಲ ಕಂಡಿತು. ಕಂದು ಬಣ್ಣ, ಬುಡದಲ್ಲಿ ಕಪ್ಪು ಚುಕ್ಕೆ. ತನ್ನದೇ ಎಂದುಕೊಂಡಳು. ಆಮೇಲೆ ತಲೆಯ ಮೇಲಿನ ಮಂಜು ಕರಗಿತು.

ಕೆನ್ನೆಯ ಮೇಲೆ ಗೆರೆಗಳು! ನೀಲಿ, ಎಳೆಯ ಗೆರೆಗಳು. ಯಾರೋ ಬರೆಯಲು ಹೊರಟು ಅರ್ಧಕ್ಕೆ ಪೆನ್ನು ಎತ್ತಿದ ಹಾಗೆ.

ಹಿಂದೆ ಅವಳ ಮೀನು. ಮುಂದೆ ಅವನ ಮೀನು. ನಡುವೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಬೆರಳಿಟ್ಟು ತೋರಿಸುವಂತಿರಲಿಲ್ಲ.

ಅವಳು ಮೀನಿನ ಹೊಟ್ಟೆ ಸೀಳಿ, ಅಂಡಾಶಯದ ಚೂರೊಂದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೊಟ್ಟೆಗಳು ಕರಗುತ್ತಿದ್ದವು. ಅವುಗಳ ನಡುವೆಯೇ ಗಂಡಿನ ಅಂಗಾಂಶ ಮೂಡುತ್ತಿತ್ತು. ಸಮುದ್ರದಲ್ಲಿ ಇಂಥ ಮೀನುಗಳು ಹಲವಿವೆ. ಮೊದಲು ಹೆಣ್ಣಾಗಿ ಬಾಳುತ್ತವೆ. ಗುಂಪಿನ ದೊಡ್ಡ ಗಂಡು ಸತ್ತಾಗ ಹೆಣ್ಣುಗಳಲ್ಲೊಂದು ಮೆಲ್ಲಗೆ ಗಂಡಾಗಿ ಅದರ ಜಾಗ ತುಂಬುತ್ತದೆ. ಮ್ಯೂಸಿಯಂನ ಸ್ಪಿರಿಟ್‌ನಲ್ಲಿ ಬಣ್ಣ ಉಳಿಯುವುದಿಲ್ಲ. ಹೀಗೆ ನಡುದಾರಿಯಲ್ಲಿರುವ ಮೀನು ಸಿಗದೆ ಯಾರಿಗೂ ಇದು ತಿಳಿಯುವಂತಿರಲಿಲ್ಲ.

ಅವನು ಹೇಳಿದ್ದು ಸರಿ.

ಸಮುದ್ರದಲ್ಲಾದರೆ ಸತ್ತವನ ಜಾಗ ತುಂಬುತ್ತದೆ, ಎಂದುಕೊಂಡಳು. ಎದುರಿನ ಅವನ ಕುರ್ಚಿಯನ್ನು ನೋಡಿದಳು. ಅಳು ಆಗಲೂ ಬರಲಿಲ್ಲ.

*

ಮನೆಗೆ ಬಂದಾಗ ಅತ್ತೆ ಬಟ್ಟೆ ಮಡಿಸುತ್ತಿದ್ದರು. ಅವಳೂ ಪಕ್ಕದಲ್ಲಿ ಕೂತು ಒಂದು ಟವೆಲ್ ಎತ್ತಿಕೊಂಡಳು.

"ಅತ್ತೆ, ಅವನು ಹೇಳಿದ್ದೇ ನಿಜ. ಎರಡೂ ಒಂದೇ ಮೀನು. ನಾನೇ ಬರೆದು ಕಳಿಸ್ತೀನಿ. ಅಪ್ಪನ ಹೆಸರು ಹೋಗಲಿ ಬಿಡಿ."

ಅತ್ತೆ ಕತ್ತೆತ್ತಿದರು. "ನಿಮ್ಮಪ್ಪನ ಹೆಸರು ಯಾಕೆ ಹೋಗುತ್ತೆ? ಹೋಗೋದು ನನ್ನದಲ್ವಾ?"

"ಏನಂದ್ರಿ?"

"ನಿನಗೆ ಹೇಳ್ಲಿಲ್ವಾ ಅವನು?" ಅತ್ತೆಯ ಕೈಯ ಬಟ್ಟೆ ಹಾಗೇ ನಿಂತಿತು. "'ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ' ಅಂದಿದ್ದ. ಹೇಳಿರ್ತಾನೆ ಅಂದ್ಕೊಂಡಿದ್ದೆ ಕಣೇ..."

"ಏನು ಅತ್ತೆ? ಏನು ಹೇಳಬೇಕಿತ್ತು?"

"ನೀವಿಬ್ರೂ ಮುಖ ತಿರುಗಿಸ್ಕೊಂಡು ಓಡಾಡ್ತಿದ್ರಲ್ಲ, ಆಗ ಒಂದಿನ ಬಂದು ನನ್ನ ಕಾಲ ಹತ್ರ ಕೂತ. 'ಅಮ್ಮ, ಆ ಮೀನಿಂದ ನಿನ್ನ ಹೆಸರು ತೆಗೆದುಬಿಡ್ಲಾ? ಬೇಜಾರಾಗಲ್ವಾ?' ಅಂದ. ನಾನಂದೆ, ತೆಗೆಯೋ ಪುಣ್ಯಾತ್ಮ! ವಾಸನೆ ಬಂದ್ರೆ ಮೂರು ದಿನ ಊಟ ಸೇರದ ನನ್ನ ಹೆಸರನ್ನ ಮೀನಿಗೆ ಇಟ್ಟವನು ನೀನೊಬ್ಬನೇ ಮಗ, ಅಂತ."

ಅತ್ತೆ ನಗಲು ಹೋದರು. ಆಗದೆ, ಕೈಯ ಬಟ್ಟೆಯ ಸುಕ್ಕು ತೀಡಿದರು.

"'ನಿನಗೆ ನಾನಿದ್ದೀನಿ ಅಮ್ಮ, ಅವಳ ಅಪ್ಪನಿಗೆ ಆ ಹೆಸರೊಂದೇ ಇರೋದು' ಅಂದ. 'ಈಗ್ಲೇ ಹೇಳೋ ಅವಳಿಗೆ' ಅಂದ್ರೆ, 'ಬರೀ ಬಾಯಲ್ಲಿ ಹೇಳಿದ್ರೆ ನಂಬಲ್ಲ, ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದಾನೆ ಅಂತಾಳೆ. ಎರಡೂ ಒಂದೇ ಅನ್ನೋಕೆ ಗಟ್ಟಿ ಸಾಕ್ಷಿ ಸಿಗಲಿ, ಅವಳ ಎದುರಿಗೇ ಬರೀತೀನಿ' ಅಂದ. ನಿಧಾನ... ಹುಟ್ಟಿದಾಗಿಂದ್ಲೂ ಎಲ್ಲದಕ್ಕೂ ನಿಧಾನ..."

ಸಾಯುವುದೊಂದಕ್ಕೆ ಮಾತ್ರ ಅವಸರ. ಇಬ್ಬರೂ ಅದನ್ನೇ ನೆನೆದರು.

ಅವಳ ಕಣ್ಣು ಮಂಜಾಯಿತು. ಟವೆಲನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. ಇಷ್ಟು ದಿನ ಎಲ್ಲಿ ನಿಂತಿತ್ತೋ ಆ ಅಳು, ಕಟ್ಟೆ ಒಡೆದು ಬಂತು. ಅತ್ತೆ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

"ಪೂರ್ತಿ ಕೇಳು ಅಂದಿದ್ದ ಅತ್ತೆ... ಒಂದೇ ಒಂದು ಸಲ ಕೇಳಿದ್ರೆ ಆಗ್ತಿತ್ತು!"

"ಅಳು. ಅತ್ತುಬಿಡು."

ಬಹಳ ಹೊತ್ತಿನ ಮೇಲೆ ಅವಳು ಎದ್ದು ಕೂತಳು. "ನಿಮ್ಮ ಹೆಸರೇ ಇರಲಿ ಅತ್ತೆ. ಅವನು ಇಟ್ಟ ಹೆಸರು. ಅವನದು ಅಂತ ಇನ್ನೇನು ಉಳಿದಿದೆ?"

ಅತ್ತೆಯ ಮುಖ ಬಿಗಿಯಿತು.

"ಅವನಿದ್ದಾಗ ಅವನ ಮಾತು ಕೇಳಲಿಲ್ಲ. ಈಗ ಕೈಯೆತ್ತಿ ಕೊಟ್ಟಿದ್ದನ್ನೂ ಬೇಡ ಅಂತೀಯಾ? ಯಾವಾಗ ತಗೋತೀಯೇ ನೀನು?"

ಅವಳು ಮೂಗು ಒರೆಸಿಕೊಂಡು, ಒದ್ದೆಯಾಗಿದ್ದ ಟವೆಲನ್ನೇ ಮಡಿಸತೊಡಗಿದಳು. ಅತ್ತೆ ಅದನ್ನು ಕಿತ್ತುಕೊಂಡು ಒಣಹಾಕಲು ಎದ್ದುಹೋದರು.

*

ಮರುದಿನ ಅವಳು ಜಾಡಿಯನ್ನು ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮ್ಯೂಸಿಯಂಗೆ ಹೋದಳು.

ನೆಲಮಾಳಿಗೆಯಲ್ಲಿ ತಣ್ಣನೆಯ ಗಾಳಿ, ಸ್ಪಿರಿಟ್ ವಾಸನೆ, ಸಾಲುಸಾಲು ಕಬ್ಬಿಣದ ಕಪಾಟುಗಳು. ಮೇಡಂ ಜಾಡಿಯನ್ನು ತಿರುಗಿಸಿ ನೋಡಿದರು. ಮುಚ್ಚಳ, ದಾರ, ಮೀನು, ಎಲ್ಲ ಸರಿಯಾಗಿತ್ತು.

"ಮೇಡಂ, ಇದು ಅವರ ಮೀನಿನ ಹೆಣ್ಣು. ಲೇಖನ ಬರೀತಿದ್ದೀನಿ. ಲೇಖಕರಲ್ಲಿ ಮೊದಲ ಹೆಸರು ಅವರದು, ಆಮೇಲೆ ನನ್ನದು. ಮೀನಿಗೆ ಮಾತ್ರ..." ಅವಳು ಜಾಡಿಯನ್ನು ಮತ್ತೆ ಕೈಗೆತ್ತಿಕೊಂಡಳು. "ನನ್ನಪ್ಪನ ಹೆಸರು ಉಳಿಯುತ್ತೆ. ಅದು ಅವರ ಆಯ್ಕೆ."

ಮೇಡಂ ತಲೆಯೆತ್ತಿದರು. "ಅದಕ್ಕೇ ನಗ್ತಿದ್ರಾ ಆವತ್ತು!"

"ನಾನು ಬೇರೆ ಏನೋ ಅಂದ್ಕೊಂಡಿದ್ದೆ ಮೇಡಂ."

"ಗಂಡ ಹೆಂಡತಿ ಅಂದ್ಮೇಲೆ ಅಂದ್ಕೊಳ್ಳೋದೇ ಜಾಸ್ತಿ, ಕೇಳೋದು ಕಮ್ಮಿ. ನನ್ನ ಮನೇಲೂ ಅದೇ ಕಥೆ." ಮೇಡಂ ಬೀಗದ ಕೈ ಎತ್ತಿಕೊಂಡರು. "ಕೊಡು, ಇದರ ಜಾಗದಲ್ಲಿ ಇಟ್ಟುಬಿಡ್ತೀನಿ. ಆ ಕಡೆ ಕೊನೆಯ ಸಾಲು."

"ಅವರದು ಎಲ್ಲಿದೆ?"

"ಅದು ಈ ಕಡೆ. ಬೇರೆ ಬೇರೆ ಜಾತಿ ಅಂತ ಬೇರೆ ಬೇರೆ ಕಪಾಟು."

ಅವಳು ಜಾಡಿಯನ್ನು ಬಿಡಲಿಲ್ಲ.

"ಇನ್ನು ಒಂದೇ ಜಾತಿ ಅಲ್ವಾ ಮೇಡಂ?"

ಲೇಖನ ಅಚ್ಚಾಗುವವರೆಗೆ ಜಾಗ ಬದಲಿಸುವಂತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮೇಡಂ ಈ ಕಡೆಯ ಕಪಾಟನ್ನು ತೆರೆದು, ಅವನ ಜಾಡಿಯನ್ನು ಒಂಚೂರು ಪಕ್ಕಕ್ಕೆ ಸರಿಸಿದರು.

"ನೀನೇ ಇಡು."

ಅವಳು ಇಟ್ಟಳು. ಗಾಜಿಗೆ ಗಾಜು ತಾಗಿ ಸಣ್ಣಗೆ ಸದ್ದಾಯಿತು. ಉಬ್ಬಿದ ಹಣೆಯ ದೊಡ್ಡ ಮೀನು, ಅದರ ಪಕ್ಕದಲ್ಲಿ ಚಿಕ್ಕದು. ಸ್ಪಿರಿಟ್‌ನಲ್ಲಿ ಬಣ್ಣ ಕಳೆದುಕೊಂಡು ಎರಡೂ ಒಂದೇ ಮಂಕಿನಲ್ಲಿದ್ದವು.

"ಬಂದೆ ಕಣೋ, ನಿಧಾನಪ್ಪ," ಎಂದಳು, ಕೇಳಿಸದಷ್ಟು ಮೆಲ್ಲಗೆ. "ತೋರಿಸು ಈಗ."

ಮೇಡಂ ಬಾಗಿಲ ಕಡೆ ತಿರುಗಿ ನಿಂತಿದ್ದರು.

"ಬೀಗ ಹಾಕ್ಲಾಮ್ಮ?"

"ಒಂದು ನಿಮಿಷ ಮೇಡಂ... ಇನ್ನೊಂದು ಚೂರು ಹೊತ್ತು."