ಮೂರು ಕಾಲಿನ ಸ್ಟೂಲು

ಎದುರು ಬೆಂಚಿನವನ ಕೈಯಲ್ಲಿ ಮರ ಬಡಿಯುವ ಕೊಡತಿ ಇತ್ತು. ಅವಳ ಸ್ಟೂಲು ನಾಲ್ಕೂ ಕಾಲು ಕಳಚಿಕೊಂಡು ಮರದ ಹೊಟ್ಟಿನಲ್ಲಿ ಬಿದ್ದಿತ್ತು.

ನೀರು ಕುಡಿದು ಬರುವಷ್ಟರಲ್ಲಿ...! ಬೆಳಿಗ್ಗೆ ಹಚ್ಚಿದ ಅಂಟು ಇನ್ನೂ ಆರಿರಲಿಲ್ಲ.

“ಏನ್ ಮಾಡಿದ್ರಿ ನೀವು?” ಅವಳ ದನಿ ಒಡೆಯಿತು.

ಅವನು ಒಳಕೋಣೆಯತ್ತ ನೋಡಿದ. ಅಲ್ಲಿ ಮೇಸ್ತ್ರಿ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದರು. ಮಾತೇ ಆಡದ ಅವನನ್ನು ಎಲ್ಲರೂ ‘ಕೊರಡು’ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಶಾಲೆ ಬಿಟ್ಟು ಎರಡು ವರ್ಷ ಮನೆಯಲ್ಲಿ ಕುಳಿತು, ಇಪ್ಪತ್ತು ತುಂಬಿದ ಮೇಲೆ ಕಾಡಿ ಬೇಡಿ ಮರಗೆಲಸ ಕಲಿಯಲು ಬಂದವಳು ಅವಳು. ಹೊಸ್ತಿಲಲ್ಲೇ ಅಪ್ಪ ಹೇಳಿದ್ದರು, “ಅಲ್ಲಿಂದ ಓಡಿಸಿದ್ರೆ, ಮತ್ತೆ ಕೆಲಸ ಅಂತ ಬಾಯಿ ತೆಗೀಬೇಡ.”

ಇಂದು ಸಂಜೆ ಮೇಸ್ತ್ರಿ ಆ ಸ್ಟೂಲಿನ ಮೇಲೆ ಕೂತು ನೋಡುವವರಿದ್ದರು. ಅಲುಗಾಡಿದರೆ ಅವಳು ಮನೆಗೆ.

ಅಜ್ಜಿಯ ಕಥೆಗಳಲ್ಲಿ ಕಷ್ಟ ಬಂದಾಗ ಯಾರಾದರೂ ಕುದುರೆ ಏರಿ ಬರುತ್ತಿದ್ದರು. ತನಗೆ ಸಿಕ್ಕಿದ್ದು ಕೊಡತಿ ಹಿಡಿದ ರಾಕ್ಷಸ! ಇವನನ್ನೇ ಇಷ್ಟು ದಿನ ಕದ್ದು ಕದ್ದು ನೋಡುತ್ತಿದ್ದೆನಲ್ಲಾ...

ಎಲ್ಲರೆದುರು ಅವನನ್ನು ಬಾಯಿಗೆ ಬಂದಂತೆ ಬೈದಳು. ಹೊಟ್ಟೆಕಿಚ್ಚಿನವನು ಎಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಂತರ ನಾಲ್ಕು ಕಾಲುಗಳನ್ನು ಅವಳ ಮುಂದೆ ಜೋಡಿಸಿಟ್ಟ.

“ಮತ್ತೆ ಕೂಡಿಸಿ. ಇನ್ನೂ ಹೊತ್ತಿದೆ.”

ಕಣ್ಣೀರು ಒರೆಸಿಕೊಳ್ಳುತ್ತಲೇ ಅವಳು ಅಂಟು ಹಚ್ಚಿ ಕೂಡಿಸಿದಳು.

ಸಂಜೆ ಮೇಸ್ತ್ರಿ ಕೂತರು. ಆಚೆ ವಾಲಿದರು, ಈಚೆ ವಾಲಿದರು. ಸ್ಟೂಲು ಅಲುಗಲಿಲ್ಲ.

“ನಾಳೆ ಬೇಗ ಬಾ” ಎಂದಷ್ಟೇ ಹೇಳಿ ಎದ್ದ ಅವರು, ಅತ್ತ ತಿರುಗಿ ಕೊರಡಿನ ಮೇಲೆ ರೇಗಿದರು. ಗಿರಾಕಿಗೆ ಇವತ್ತೇ ಕೊಡಬೇಕಿದ್ದ ಸ್ಟೂಲು ಎಲ್ಲಿ ಎಂದು.

ಆಗ ಅವಳು ಮೂಲೆಯತ್ತ ನೋಡಿದಳು.

ಅವಳು ಅಳತೆ ನೋಡಿ ನಕಲು ಮಾಡಿದ್ದ ಅವನ ಸ್ಟೂಲು ಗೋಡೆಗೆ ಒರಗಿತ್ತು. ಮೂರೇ ಕಾಲು! ಪಕ್ಕದಲ್ಲಿ ಬಿದ್ದಿದ್ದ ನಾಲ್ಕನೆಯದರ ಮೇಲೆ ಅವಳದೇ ಪೆನ್ಸಿಲ್ ಗುರುತು.

ಎಲ್ಲರೂ ಹೊರಟ ಮೇಲೆ ಅವಳು ಅವನೆದುರು ನಿಂತಳು.

“ಯಾಕೆ ಹೇಳ್ಲಿಲ್ಲ?”

“ನಿಮ್ಮ ಆ ಒಂದು ಕಾಲು ಹಸಿ ಮರ. ನಾಲ್ಕು ದಿನಕ್ಕೆ ಒಣಗಿ ಸಡಿಲ ಆಗ್ತಿತ್ತು. ಹಸಿ ಮರ ಕೂಡಿಸಿದವ್ರನ್ನ ಮೇಸ್ತ್ರಿ ನಿಂತ ನಿಲುವಲ್ಲೇ ಕಳಿಸ್ತಾರೆ. ಅವ್ರು ಒಳಗೇ ಇದ್ರು.”

“ನಾನು ಅಷ್ಟೆಲ್ಲಾ ಅಂದೆ...”

“ಅನ್ನಿ. ಕಾಲು ನಾಳೆ ಇನ್ನೊಂದು ಮಾಡ್ಕೋಬಹುದು. ನೀವು ಹೋಗಿದ್ರೆ, ಎದುರು ಬೆಂಚಲ್ಲಿ ಯಾರನ್ನ ನೋಡ್ಕೊಂಡು ಕೆಲಸ ಮಾಡ್ಲಿ?”

ಕೊರಡು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು.

“ಆ ಕಾಲು ನಾನು ಮಾಡಿಕೊಡ್ತೀನಿ” ಎಂದಳು, ನೆಲ ನೋಡುತ್ತ.

“ಒಣ ಮರದಲ್ಲಿ?”

“ಒಣಗಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?”

ಅವನು ಆ ಹಸಿ ಕಾಲನ್ನೆತ್ತಿ ಮೆಲ್ಲಗೆ ಅವಳ ಕೆನ್ನೆಗೆ ತಾಗಿಸಿದ. “ಹೇಗಿದೆ?”

“ತಣ್ಣಗಿದೆ” ಎಂದಳು.

ಕೆನ್ನೆ ಮಾತ್ರ ಕೆಂಡವಾಗಿತ್ತು.