ಫರಂಗಿ ದವಾಖಾನೆಯ ದಕ್ಷಿಣದ ಗೋಡೆ

"ಆ ಗ್ವಾಡಿಗೆ ಹಾರಿ ಹಚ್ಚಬ್ಯಾಡ್ರಿ ಸಾಹೇಬ್ರ" ಎಂದು ಗುಂಡವ್ವ ಹೇಳಿದಾಗ ಬಸಂತರಾಯನಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಬರದೆ ಏನು? ಎಪ್ಪತ್ತಾರರ ಬೇಸಿಗೆ. ಮೋರಟಗಿಯ ಹೊರಗೆ ಹಾಳು ಬಿದ್ದಿದ್ದ ಫರಂಗಿ ದವಾಖಾನೆಯನ್ನು ಹೆರಿಗೆ ಆಸ್ಪತ್ರೆ ಮಾಡಿಕೊಡು ಎಂದು ಸರಕಾರ ಈ ಹೊಸ ಇಂಜಿನಿಯರನನ್ನು ಕಳಿಸಿ ತಿಂಗಳುಗಳೇ ಕಳೆದಿದ್ದವು. ಸಿಮೆಂಟಿನ ಪರ್ಮಿಟ್ ಬರಲಿಲ್ಲ. ಬಂದ ಮರಳಿನಲ್ಲಿ ಅರ್ಧ ಮಣ್ಣು. ಆಳುಗಳಂತೂ ಎಲ್ಲದಕ್ಕೂ ಹೂಂ ಅನ್ನುವರು. ದಕ್ಷಿಣದ ಗೋಡೆ ಅಂದರೆ ಸಾಕು, ಬುಟ್ಟಿ ಬೋರಲು ಹಾಕಿ ಬೀಡಿ ಹಚ್ಚಿ ಕೂತುಬಿಡುವರು.

ಕಟ್ಟಡವೇನೋ ನೋಡುವಂಥದ್ದೇ. ಹಿಂದೆ ಬರಗಾಲದಲ್ಲಿ ಬಂದ ಫ್ರೆಂಚ್ ಡಾಕ್ಟರನೊಬ್ಬ ಕರಿಕಲ್ಲು, ಗಚ್ಚಿನಲ್ಲಿ ಕಟ್ಟಿಸಿದ್ದು. ಎರಡು ಮೊಳ ದಪ್ಪದ ಗೋಡೆ, ಮುಂದೆ ಸಾಲುಕಮಾನಿನ ಪಡಸಾಲೆ, ಕೈಗೆ ನಿಲುಕದ ಎತ್ತರದಲ್ಲಿ ದುಂಡನೆಯ ಕಿಂಡಿಗಳು. ಇಡೀ ದವಾಖಾನೆಗೆ ಒಂದೇ ಬಾಗಿಲು. ಬಂದವರು ಹೋದವರು ತನ್ನ ಕಣ್ಣಿಗೆ ಬೀಳಲೇಬೇಕೆಂಬುದು ಆ ಪುಣ್ಯಾತ್ಮನ ಹಟ. ದಕ್ಷಿಣದ ಗೋಡೆಯಲ್ಲಿ ಮಾತ್ರ ಆಳೆತ್ತರದ ಒಂದು ತೇಪೆ.

ಅದರ ಕತೆಯನ್ನು ಪಕ್ಕದ ಲಿಂಬಿ ತೋಟದ ಒಡತಿ ಗುಂಡವ್ವನೇ ಹೇಳಿದ್ದಳು. ಕೆಟ್ಟ ನಕ್ಷತ್ರದಲ್ಲಿ ಸತ್ತವರನ್ನು ಬಾಗಿಲಿನಿಂದ ಒಯ್ಯುವುದಿಲ್ಲ. ಗೋಡೆ ಒಡೆದು ಒಯ್ದು, ಅವರು ದಾರಿ ಹಿಡಿದು ತಿರುಗಿ ಬರಬಾರದೆಂದು ಕಂಡಿ ಮುಚ್ಚುತ್ತಾರೆ. ಗುಂಡವ್ವನ ಅಕ್ಕ ಇಲ್ಲಿ ಹಾಗೆ ಸತ್ತಳು. ಅವರಪ್ಪ ಅಷ್ಟಕ್ಕೇ ಬಿಡದೆ, ಭೀಮಾ ನದಿಯ ಆಚೆಯಿಂದ ಮಾಟಗಾರನನ್ನು ಕರೆಸಿ ಕಂಡಿಗೇ ಮಾಟ ಮಾಡಿಸಿದ.

"ಈ ಕಂಡ್ಯಾಗ ಹಾದು ಹ್ವಾದವರಿಗೆ ಯಾ ಮನಿ ಬಾಗಲಾನೂ ಕಾಣಂಗಿಲ್ರಿ. ಸತ್ತವರಾಗಲಿ, ಜೀವ ಇದ್ದವರಾಗಲಿ" ಎಂದಳು ಗುಂಡವ್ವ. ಇದೆಲ್ಲ ಸುಳ್ಳೆಂದು ತೋರಿಸಲು ಆ ಡಾಕ್ಟರ, ಕಂಡಿ ಮುಚ್ಚುವ ಮೊದಲು ಬೇಕಂತಲೇ ಅದರೊಳಗೆ ಹಾದುಹೋದನಂತೆ. ಆಮೇಲೆ ತಾನೇ ಕಟ್ಟಿಸಿದ ದವಾಖಾನೆಯ ಒಳಗೆ ಕಾಲಿಡದೆ ಬೇವಿನ ಗಿಡದ ಕೆಳಗೇ ಮಲಗುತ್ತಿದ್ದನಂತೆ.

"ಸೆಕಿ ಆಗಿರಬೇಕು, ಮಲಗ್ಯಾನ" ಎಂದ ಬಸಂತರಾಯ.

ಅವನ ಹಟಕ್ಕೂ ಕಾರಣವಿತ್ತು. ಊರಲ್ಲಿ ಬಾಡಿಗೆ ಮನೆ ಸಿಗದೆ, ಹೆಂಡತಿ ಕಾಶಿಬಾಯಿಯನ್ನು ಅದೇ ಗೋಡೆಯ ಕೋಣೆಯಲ್ಲಿ ಇಟ್ಟುಕೊಂಡಿದ್ದ. ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಇದು ಮೂರನೆಯದು, ಎಂಟು ತುಂಬಿತ್ತು. ಬಸ್ಸಿನ ಕುಲುಕಾಟ ಬೇಡವೆಂದು ಸಿಂದಗಿಯ ಡಾಕ್ಟರು ಹೇಳಿದ್ದರಿಂದ ಊರಿಗೆ ಕಳಿಸುವಂತಿರಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಅವಳು ಏದುಸಿರು ಬಿಡುವುದನ್ನು ನೋಡಿ ನೋಡಿ ಅವನ ತಲೆ ಕೆಟ್ಟಿತ್ತು. ಈ ಕೂಸಾದರೂ ಉಳಿಯಬೇಕು. ಅಲ್ಲೊಂದು ಕಿಟಕಿ ಆಗಲೇಬೇಕು.

ಮಧ್ಯಾಹ್ನ ಆಳುಗಳು ಊಟಕ್ಕೆ ಹೋದಾಗ ಕಾಶಿಬಾಯಿಯನ್ನು ಮೂಲೆಯಲ್ಲಿ ಕೂಡಿಸಿ, ಒಳಗಿನಿಂದ ತಾನೇ ಹಾರೆ ಹಾಕಿದ. ಗಚ್ಚು ಕಿತ್ತು ಬಂತು. ಕಲ್ಲುಗಳ ನಡುವೆ ಕಪ್ಪಗೆ ಒಣಗಿದ ಲಿಂಬೆಹಣ್ಣು, ಒಂದೊಂದಕ್ಕೂ ಚುಚ್ಚಿದ ಮೊಳೆ, ಸುತ್ತಿದ ಕೂದಲು. ಆದರೆ ಕೋಣೆಯ ತುಂಬ ಈಗಷ್ಟೇ ಕೊಯ್ದ ಲಿಂಬೆಯ ಘಾಟು. ಥೂ ಎಂದು ಎಲ್ಲವನ್ನೂ ಪಡಸಾಲೆಗೆ ಎಸೆದ. ಮತ್ತೆರಡು ಏಟು ಹಾಕಿದ. ಬೆಳಕು ಬಿತ್ತು, ಒಬ್ಬರು ತೂರುವಷ್ಟು ಕಂಡಿಯಾಯಿತು.

ಆಗ ತಲೆಯ ಮೇಲೆ ಏನೋ ನರಳಿತು.

ಮುಂದಿನ ಕಮಾನುಗಳ ಭಾರವೆಲ್ಲ ಅದೇ ಗೋಡೆಯ ಮೇಲೆ ನಿಂತಿತ್ತು. ಓದಿದವನು, ಅಷ್ಟೂ ನೋಡಬಾರದೇ! ಪಡಸಾಲೆ ಧಡಧಡನೆ ಕುಸಿಯಿತು. ಬಾಗಿಲ ತುಂಬ ಕಲ್ಲು. ಕಣ್ಣು ಕಾಣದ ಧೂಳು. ಬಾಯೊಳಗೆ ಸುಣ್ಣ. ಕತ್ತಲಲ್ಲಿ ಕಾಶಿಬಾಯಿ ಚೀರಿದಳು. ನೋವು ಶುರುವಾಗಿತ್ತು. ಹೊರಗೆ ಜೀಪಿನ ಡ್ರೈವರ್ ಮೈಬೂಬ ಕೂಗುತ್ತಿದ್ದ. ಇದ್ದದ್ದು ಒಂದೇ ದಾರಿ, ಆ ಕಂಡಿ. ಮೇಲಿನ ಕಲ್ಲು ಅಲುಗುತ್ತಿತ್ತು.

"ಬ್ಯಾಡ್ರಿ. ಇದರಾಗಿಂದ ಬ್ಯಾಡ" ಎಂದಳು ಕಾಶಿಬಾಯಿ.

"ಕೂಸು ಬೇಕೋ ಬ್ಯಾಡೋ?"

ಅವಳು ಕಣ್ಣು ಮುಚ್ಚಿ ಅವನ ಕೊರಳು ಹಿಡಿದಳು. ಎತ್ತಿದ. ತೂರಿಸಿದ. ಮೈಬೂಬ ಹೊರಗಿನಿಂದ ಹಿಡಿದುಕೊಂಡ. ಅವಳ ಪಾದ ಆಚೆ ದಾಟಿದ್ದೇ ತಡ, ಮೇಲಿನ ಕಲ್ಲು ಬಿದ್ದು ಕಂಡಿ ಮುಚ್ಚಿತು.

ಆಳುಗಳು ಬಾಗಿಲಿನ ಕಲ್ಲು ಸರಿಸಿ ಬಸಂತರಾಯನನ್ನು ಹೊರಗೆಳೆಯುವ ಹೊತ್ತಿಗೆ ಸಂಜೆಯಾಗಿತ್ತು. ಮೈಬೂಬ ಆಗಲೇ ಕಾಶಿಬಾಯಿಯನ್ನು ಜೀಪಿನಲ್ಲಿ ಸಿಂದಗಿ ಆಸ್ಪತ್ರೆಗೆ ಒಯ್ದಿದ್ದ. ಬಸಂತರಾಯ ಎತ್ತಿನ ಚಕ್ಕಡಿ ಓಡಿಸಿಕೊಂಡು ಅದೇ ದಾರಿ ಹಿಡಿದ. ಹೊಲದ ಬದುವಿನಲ್ಲಿ ಜೀಪು ನಿಂತಿತ್ತು. ಯಾರೋ ಸೂಲಗಿತ್ತಿ ಓಡಿಬಂದು ಜೀಪಿನಲ್ಲೇ ಹೆರಿಗೆ ಮಾಡಿಸಿದ್ದಳು. ಹೆಣ್ಣು ಕೂಸು. ಜೀವಂತ. ಗಂಟಲು ಹರಿಯುವ ಹಾಗೆ ಅಳುತ್ತಿತ್ತು. ಬಸಂತರಾಯ ಅಲ್ಲೇ ಕೂತು ಅತ್ತುಬಿಟ್ಟ. ಆ ದವಾಖಾನೆ ಹಾಳಾಗಿ ಹೋಗಲಿ ಎಂದು, ಜೀಪನ್ನು ನೆಟ್ಟಗೆ ಬಸವನ ಬಾಗೇವಾಡಿಯ ತನ್ನ ಮನೆಗೆ ತಿರುಗಿಸಲು ಹೇಳಿದ.

ಬೆಳಗಾಗಿತ್ತು. ಕೂಸಿನ ಅಳು ಕೇಳಿ ತಾಯಿ ಕಸ್ತೂರೆವ್ವ ಆರತಿ ಹಿಡಿದು ತಲೆಬಾಗಿಲಿಗೆ ಬಂದಳು. ಕಾಶಿಬಾಯಿ ಇಳಿದಳು. ನಿಂತಳು. ಗೋಡೆ ತಡವುತ್ತ ಆ ತುದಿಗೆ ಹೋದಳು, ಈ ತುದಿಗೆ ಬಂದಳು.

"ಅತ್ತಿ, ಬಾಗಲಾ ಎಲ್ಲೈತ್ರಿ?"

ಬಸಂತರಾಯ ಸಿಟ್ಟಿನಿಂದ ಕೈಹಿಡಿದು ಒಳಗೆ ಜಗ್ಗಿದ. ತೆರೆದ ಬಾಗಿಲಲ್ಲಿ, ಏನೂ ಇಲ್ಲದ ಕಡೆ, ಅವಳ ಹಣೆ ಬಡಿದು ರಕ್ತ ಬಂತು. ಕಸ್ತೂರೆವ್ವ ಕೂಸನ್ನಾದರೂ ಒಯ್ಯೋಣವೆಂದು ಎತ್ತಿಕೊಂಡಳು. ಅವಳ ಕಾಲು ಹೊಸ್ತಿಲು ದಾಟಿತು. ಕೂಸು ದಾಟಲಿಲ್ಲ. ಗಾಳಿಗೆ ಒತ್ತಿಕೊಂಡು, ಕೆಂಪಾಗಿ ಚೀರಿತು.

ಬಸಂತರಾಯ ಹಿತ್ತಲಿನಿಂದ ಹಾರೆ ತಂದ. ತಾತ ಕಟ್ಟಿಸಿದ ಮನೆಯ ಗೋಡೆ. ಹೊಡೆದ. ಹೊಡೆಯುತ್ತಲೇ ಇದ್ದ. ಕಂಡಿ ಆಳೆತ್ತರವಾಯಿತು. ಕಾಶಿಬಾಯಿಯ ಮುಖ ಅರಳಿತು. ಕೂಸನ್ನು ಎದೆಗವಚಿಕೊಂಡು, ಬಾಗಿ, ಅದರೊಳಗಿಂದ ಮನೆ ಹೊಕ್ಕಳು. ಗೋಡೆಗೊರಗಿ ಕೂತು ಮೊಲೆಯೂಡಿಸತೊಡಗಿದಳು.

ಅಷ್ಟರಲ್ಲಿ ಓಣಿಯವರು ಕೂಡಿದ್ದರು. ಗೋಡೆ ಒಡೆದ ಮನೆ ಅಂದರೆ ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಬ್ಬರು ಆಗಲೇ ಚಟ್ಟಕ್ಕೆಂದು ಬಿದಿರು ಹೊತ್ತು ತಂದಿದ್ದರು. ಹಿರಿಯನೊಬ್ಬ ರುಮಾಲು ತೆಗೆದು ಕೈಯಲ್ಲಿ ಹಿಡಿದು ಕೇಳಿದ:

"ಯಾರು ತೀರಿಕೊಂಡ್ರು, ಬಸಂತರಾಯ?"

ಬಸಂತರಾಯ ಹಾರೆ ಕೆಳಗಿಟ್ಟ. ಹಿರಿಯ ಕಂಡಿಯೊಳಗೆ ಇಣುಕಿದ; ಕಾಶಿಬಾಯಿಯನ್ನು ನೋಡಿದ, ಕೂಸನ್ನು ನೋಡಿದ. ಮತ್ತೆ ಕೇಳಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಮನೆಗೆ ಹೋದರು. ಬಿದಿರನ್ನು ಮಾತ್ರ ಅಲ್ಲೇ ಗೋಡೆಗೆ ಆನಿಸಿಟ್ಟು ಹೋದರು.