ನಮ್ಮ ವೈಫೈಯಲ್ಲಿ ನಿಮ್ಮ ಹೆಸರು

"ಹದಿನೇಳು..."

ಸಂಘಮಿತ್ರ ತನ್ನ ಮೊಬೈಲನ್ನು ಯತೀಶನ ಮುಖದ ಹತ್ತಿರಕ್ಕೇ ಹಿಡಿದಳು.

"ನಮ್ಮನೇಲಿ ಇರೋದೇ ನಾಲ್ಕು. ಅಪ್ಪಂದು, ಅಮ್ಮಂದು, ನಂದು ಒಂದೊಂದು ಫೋನು, ಮತ್ತೆ ನನ್ ಲ್ಯಾಪ್‌ಟಾಪು. ವೈಫೈಗೆ ಹದಿನೇಳು ಸೇರ್ಕೊಂಡವೆ. ಮಿಕ್ಕಿದ್ದೆಲ್ಲ ಯಾರ್ವು?"

ಹುಣಸೂರಿನಿಂದ ಬೈಕಿನಲ್ಲಿ ಬಂದು ಗಾವಡಗೆರೆಯ ಆ ಮನೆಯ ಜಗುಲಿ ಹತ್ತಿದ್ದ ಯತೀಶ್ ತಬ್ಬಿಬ್ಬಾದ. ಎರಡು ತಿಂಗಳ ಹಿಂದೆ ಈ ಮನೆಗೆ ಇಂಟರ್‌ನೆಟ್ ಕೇಬಲ್ ಎಳೆದವನು ಅವನೇ. ಆಮೇಲೆ ರಿಪೇರಿಗೆಂದು ಮೂರು ಸಲ ಬಂದಿದ್ದ. ಮೂರು ಸಲವೂ ಸಂಘಮಿತ್ರಳೇ ಟೀ ಕೊಟ್ಟಿದ್ದಳು. ಅವನು ಬರುತ್ತಾನೆಂದು ತಿಳಿದ ಕೂಡಲೇ ತಾನು ಕನ್ನಡಿ ಹುಡುಕುತ್ತಿದ್ದ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆದರೆ ಇವತ್ತು ಅವಳ ಕಣ್ಣಲ್ಲಿ ಬೆಂಕಿ.

ಬೆಳಿಗ್ಗೆ ಅವಳು ಕೆಲಸಕ್ಕಾಗಿ ಒಂದು ಆನ್‌ಲೈನ್ ಪಾಠದ ಸಂಸ್ಥೆಗೆ ಗಣಿತ ಕಲಿಸಿ ತೋರಿಸುವುದಿತ್ತು. ಹತ್ತೇ ನಿಮಿಷಕ್ಕೆ ಅವಳ ಚಿತ್ರ ನಿಂತುಹೋಯಿತು, ದನಿಯೂ ನಿಂತಿತು. ಸಂಜೆ ನಾಲ್ಕಕ್ಕೆ ಇನ್ನೊಂದು ಸಲ, ಅದೇ ಕೊನೆ ಎಂದಿದ್ದರು. ವೈಫೈಗೆ ಯಾವ ಯಾವ ಫೋನು ಸೇರಿದೆ ಎಂದು ಆ್ಯಪಿನಲ್ಲಿ ನೋಡುವುದನ್ನು ಯತೀಶನೇ ಹಿಂದೆ ಕಲಿಸಿಕೊಟ್ಟಿದ್ದ. ಅವಳು ತೆರೆದು ನೋಡಿದಳು.

ಬರೀ ನಂಬರುಗಳೇ ತುಂಬಿದ್ದ ಆ ಪಟ್ಟಿಯ ನಡುವೆ ಒಂದೇ ಒಂದು ಗೊತ್ತಿರುವ ಹೆಸರು... ಯತೀಶ್.

"ಇದು ನಿಮ್ ಫೋನೇ ತಾನೆ? ನಮ್ ಪಾಸ್‌ವರ್ಡನ್ನ ಊರಿಗೆಲ್ಲ ಮಾರ್ಕೊಂಡ್ರಾ?"

ಅಡುಗೆಮನೆ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದ ಅವಳ ತಾಯಿ ವಿಮಲಮ್ಮನನ್ನು ಯತೀಶ್ ಒಮ್ಮೆ ನೋಡಿ ತಲೆ ತಗ್ಗಿಸಿದ.

"ಮಾರಿಲ್ಲ ಕಣ್ರೀ."

ಅಷ್ಟೇ. ಸುಮ್ಮನೆ ವೈಫೈ ಡಬ್ಬಿಯ ಮುಂದೆ ಕೂತ. ಹೊಸ ಪಾಸ್‌ವರ್ಡನ್ನು ಅವಳ ಕೈಯಲ್ಲೇ ಹಾಕಿಸಿದ, ಅವಳು ಒತ್ತುವಾಗ ಮುಖ ಆ ಕಡೆ ತಿರುಗಿಸಿಕೊಂಡ. ನಾಲ್ಕು ಗಂಟೆಯ ಪಾಠಕ್ಕೆ ಇನ್ನೇನೂ ತೊಂದರೆಯಾಗದು ಎಂದು ಹೇಳಿ, ವಿಮಲಮ್ಮ ತಂದ ಟೀ ಮುಟ್ಟದೆ ಹೊರಟುಹೋದ.

ತಪ್ಪು ಮಾಡದವನಾದರೆ ಯಾಕೆ ಬಾಯಿ ಬಿಡಲಿಲ್ಲ? ಇಂಥವನಿಗಾಗಿ ನಾನು ಕನ್ನಡಿ ನೋಡಿಕೊಂಡೆನಾ?

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಳು. ಹುಣಸೂರಿನ ಅವನ ಆಫೀಸಿಗೆ ಫೋನು ಮಾಡಿ, ಮಾಲೀಕ ಮಹೇಶ್‌ಕುಮಾರರಿಗೆ ದೂರು ಹೇಳಿಯೇಬಿಟ್ಟಳು. ಪಾಸ್‌ವರ್ಡ್ ಮಾರುವವನಿಗೆ ತಮ್ಮಲ್ಲಿ ಜಾಗವಿಲ್ಲ, ಇವತ್ತೇ ಅವನ ಲೆಕ್ಕ ಮುಗಿಸುತ್ತೇನೆ ಎಂದರು ಅವರು. ಫೋನಿಟ್ಟ ಮೇಲೆ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನಾಲ್ಕಕ್ಕೆ ಶುರುವಾದ ಪಾಠ ಒಂದು ಕ್ಷಣವೂ ನಿಲ್ಲದೆ ನಡೆಯಿತು. ಕೆಲಸ ನಿಮ್ಮದೇ ಎಂದರು. ಅವಳಿಗೆ ಕುಣಿಯಬೇಕೆನಿಸಿತು... ಲ್ಯಾಪ್‌ಟಾಪು ಮುಚ್ಚಿದ್ದಳಷ್ಟೇ, ಪಕ್ಕದ ಮನೆಯ ಪುಟ್ಟಸಿದ್ದಮ್ಮ ಮೊಬೈಲು ಹಿಡಿದುಕೊಂಡು ಬಾಗಿಲಿಗೆ ಬಂದರು.

"ವಿಮಲವ್ವ, ನೀ ಕೊಟ್ಟಿದ್ ವೈಫೈ ಹಳಸೋಗದೆ ಕಣವ್ವ. ಒಸಿ ಹೊಸ್ದು ಇದ್ರೆ ಕೊಡು."

ಸಂಘಮಿತ್ರ ತಾಯಿಯ ಕಡೆ ತಿರುಗಿದಳು.

"ಅಮ್ಮ... ನೀನು ಕೊಟ್ಟಿದ್ದಾ?"

ವಿಮಲಮ್ಮ ಸಾಸಿವೆ ಡಬ್ಬಿಯ ಹಿಂದಿನಿಂದ ಒಂದು ಚೀಟಿ ತೆಗೆದರು. ಕೇಬಲ್ ಹಾಕಿದ ದಿನ ಯತೀಶ್ ಪಾಸ್‌ವರ್ಡ್ ಬರೆದುಕೊಟ್ಟಿದ್ದ ಚೀಟಿ. ಕೇಳಿದವರಿಗೆಲ್ಲ ಅದನ್ನು ತೋರಿಸಿದ್ದರು. ಗೋಡೆಗೆ ಗೋಡೆ ಅಂಟಿದ ನಾಲ್ಕು ಮನೆ, ಮನೆಗೆ ಮೂರು ಫೋನು. ಒಬ್ಬರಿಗೆ ಧಾರಾವಾಹಿ, ಇನ್ನೊಬ್ಬರಿಗೆ ಭಜನೆ, ಮಕ್ಕಳಿಗೆ ಆಟ. ಎಲ್ಲವೂ ಒಟ್ಟಿಗೆ ಎಳೆದರೆ ಆ ಪಾಪದ ಡಬ್ಬಿ ತಾನೇ ಏನು ಮಾಡೀತು?

"ಮೊಸ್ರಿಗೆ ಎಪ್ಪು ಕೇಳ್ಕಂಡ್ ಬಂದೋರ್ಗೆ ಇಲ್ಲ ಅನ್ನಕ್ಕಾಯ್ತದಾ ಮಗ? ಒಂದ್ ಚಮಚ ಕೊಟ್ರೆ ನಮ್ ಮೊಸ್ರು ಕಮ್ಮಿ ಆಯ್ತದಾ? ಇದೂ ಅಂಗೇ ಅನ್ಕಂಡೆ." ಅವರು ಚೀಟಿ ಮಡಿಸಿದರು. "ಹೋದ್ವಾರ ಆ ಯತೀಶಪ್ಪ ಇವ್ರ ಮನೇಲಿ ನಮ್ ವೈಫೈ ನೋಡ್ಬುಟ್ಟು, ಇಂಗ್ ಕೊಡ್ಬ್ಯಾಡಿ ಅಂದ. ನೀ ರೇಗ್ತೀಯ ಅಂತ, ನಿಂಗ್ ಯೋಳ್ಬ್ಯಾಡಪ್ಪ ಅಂತ ನಾನೇ ಅವನ್ ಕೈ ಹಿಡ್ಕಂಡಿದ್ದೆ."

ಅದಕ್ಕೇ ಅವನು ಅಮ್ಮನ ಕಡೆ ನೋಡಿದ್ದು!

ಮಹೇಶ್‌ಕುಮಾರರಿಗೆ ಎಷ್ಟು ಸಲ ಫೋನು ಮಾಡಿದರೂ ಸಿಗಲಿಲ್ಲ. ಸಂಘಮಿತ್ರ ಚಪ್ಪಲಿ ಮೆಟ್ಟಿ ಓಡಿದಳು. ಹುಣಸೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಕಣ್ಣು ತುಂಬಿ ಬಂತು. ನನ್ನ ಒಂದು ಮಾತಿಗೆ ಅವನ ಕೆಲಸ ಹೋಯಿತು... ಇನ್ನು ಅವನು ನನ್ನ ಮುಖ ನೋಡುತ್ತಾನಾ?

ಆದರೆ ಒಂದು ಪ್ರಶ್ನೆ ಉಳಿದೇ ಇತ್ತು. ಅವನ ಫೋನು ಪಟ್ಟಿಯಲ್ಲಿ ಯಾಕಿತ್ತು?

ಆ್ಯಪು ತೆರೆದು ಅವನ ಹೆಸರು ಒತ್ತಿದಳು. ಯಾವ ದಿನ, ಎಷ್ಟು ಹೊತ್ತು ಎಂಬುದೆಲ್ಲ ಸಾಲಾಗಿ ಬಂತು. ಕೇಬಲ್ ಹಾಕಿದ ದಿನ ಪರೀಕ್ಷೆಗೆಂದು ಸೇರಿಸಿದ್ದ ಫೋನು, ಹತ್ತಿರ ಬಂದಾಗಲೆಲ್ಲ ತಾನಾಗಿಯೇ ವೈಫೈ ಹಿಡಿದಿತ್ತು. ಇವತ್ತು ಬೆಳಿಗ್ಗೆ ಎಂಟೂ ಹತ್ತು. ನಿನ್ನೆ ಎಂಟೂ ಹತ್ತು. ಮೊನ್ನೆ ಎಂಟೂ ಹತ್ತು. ಅದರ ಹಿಂದಿನ ದಿನವೂ... ನಲವತ್ತೊಂದು ದಿನ!

ಅವನ ಮನೆ ಹುಣಸೂರಿನಲ್ಲಿ, ಆಫೀಸೂ ಹುಣಸೂರಿನಲ್ಲಿ. ಬೆಳಿಗ್ಗೆ ಎಂಟೂ ಹತ್ತಕ್ಕೆ ಗಾವಡಗೆರೆಯಲ್ಲಿ ಅವನಿಗೇನು ಕೆಲಸ?

ಆ ಹೊತ್ತಿಗೆ ತಾನೆಲ್ಲಿರುತ್ತೇನೆ ಎಂಬುದು ಅವಳಿಗೆ ತಟ್ಟನೆ ನೆನಪಾಯಿತು. ತಲೆಗೆ ನೀರು ಹಾಕಿಕೊಂಡು ಜಗುಲಿಯ ಬಿಸಿಲಿನಲ್ಲಿ ಕೂತು ದಿನಾ ಗಣಿತದ ಲೆಕ್ಕಗಳನ್ನು ಬಿಡಿಸುತ್ತಿರುತ್ತಾಳೆ. ಎದುರಿಗೇ ಟೀ ಅಂಗಡಿ. ಅವಳು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ.

ಆಫೀಸು ತಲುಪಿದಾಗ ಯತೀಶ್ ಗುರುತಿನ ಚೀಟಿಯನ್ನೂ ಕೇಬಲ್ ಕತ್ತರಿಸುವ ಸಾಮಾನನ್ನೂ ಮೇಜಿನ ಮೇಲಿಡುತ್ತಿದ್ದ. ಸಂಘಮಿತ್ರ ಎಲ್ಲರೆದುರು ತಪ್ಪು ತನ್ನದೇ ಎಂದಳು, ತಾಯಿ ಚೀಟಿ ತೋರಿಸಿದ್ದನ್ನೂ ಮುಚ್ಚಿಡಲಿಲ್ಲ. ಹಾಗಾದರೆ ಇವನ ಫೋನು ನಿಮ್ಮ ವೈಫೈಯಲ್ಲಿ ಯಾಕಿತ್ತಮ್ಮ ಎಂದು ಮಹೇಶ್‌ಕುಮಾರ್ ಬಿಡದೆ ಕೇಳಿದರು.

ಯತೀಶ್ ನೆಲ ನೋಡಿದ.

"ಅದು ನಮ್ಮನೆ ವಿಚಾರ ಸಾರ್. ಅದನ್ನ ನಾನು ಕೇಳ್ಕೋತೀನಿ," ಎಂದಳು ಸಂಘಮಿತ್ರ.

ಮಹೇಶ್‌ಕುಮಾರ್ ಇಬ್ಬರ ಮುಖವನ್ನೂ ನೋಡಿ, ಮೇಜಿನ ಮೇಲಿದ್ದುದನ್ನೆಲ್ಲ ಅವನ ಕಡೆಗೇ ತಳ್ಳಿದರು.

ಹೊರಗೆ ಬೈಕಿನ ಪಕ್ಕ ಇಬ್ಬರೂ ನಿಂತರು.

"ನಲವತ್ತೊಂದು ದಿನ..." ಎಂದಳು ಅವಳು. "ಬಾಯಿ ಬಿಟ್ಟು ಒಂದ್ ಮಾತು ಹೇಳಕ್ಕೆ ಏನಾಗಿತ್ತು?"

"ಅಮ್ಮನ ವಿಷ್ಯ ಹೇಳಿದ್ರೆ ಅವ್ರಿಗೆ ಕೊಟ್ಟ ಮಾತು ತಪ್ತಿತ್ತು. ನನ್ ವಿಷ್ಯ ಹೇಳಿದ್ರೆ..." ಅವನು ಬೈಕಿನ ಹ್ಯಾಂಡಲ್ ಹಿಡಿದ. "ನೀವು ಜಗುಲಿಗೇ ಬರ್ತಿರ್ಲಿಲ್ಲ. ಹಂಗೆ ಬಂದು ಕೂರೋದು ತಪ್ಪು ಅಂತ ಗೊತ್ತು ಕಣ್ರೀ. ಆದ್ರೂ ನೀವಂದ್ರೆ ನಂಗಿಷ್ಟ. ಬ್ಯಾಡ ಅನ್ನಿ, ನಾಳೆಯಿಂದ ಆ ಕಡೆ ತಲೆ ಹಾಕಲ್ಲ."

ಅವಳು ಅವನ ಫೋನಿಗೆ ಕೈ ಚಾಚಿದಳು. ಅವನು ಅರ್ಥವಾಗದೆ ತನ್ನ ಫೋನು ಕೊಟ್ಟ. ಕಣ್ಣೊರೆಸಿಕೊಂಡು, ಮಧ್ಯಾಹ್ನ ತಾನೇ ಹಾಕಿದ್ದ ಹೊಸ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಅದರಲ್ಲಿ ಬರೆದು ವಾಪಸ್ ಕೊಟ್ಟಳು.

"ನಾಳೆ ಟೀ ಅಂಗಡೀಲಿ ಕೂರ್ಬೇಡಿ. ಮನೆಗೆ ಬನ್ನಿ."

"ನಿಮ್ಮಪ್ಪ ಕೇಳಿದ್ರೆ ಏನಂತ ಹೇಳ್ಲಿ?"

"ಈಗ ನಂಗೆ ಹೇಳಿದ್ರಲ್ಲ... ಅದನ್ನೇ."